ಪತ್ತೇದಾರಿ ಕಥೆಗಳಲ್ಲಿ ಅಫೀಮಿನ ಚರಿತ್ರೆ

ಈ ಸಂಚಿಕೆಗೆ ಚರಿತ್ರೆಯ ವಿಷಯವಾಗಿ ಏನಾದರೂ ಬರೆದುಕೊಡಿರೆಂದು ಸಂಪಾದಕ ಮಿತ್ರರು ಕೇಳಿದಾಗ ನಾವು ಸ್ವಲ್ಪ ಹಿಂಜರಿದೆವು. ಕದಂಬರನ್ನೂ ಚಾಲುಕ್ಯರನ್ನೂ ಕುರಿತು ಬರೆಯಬಲ್ಲ ಪಂಡಿತರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ; ಪ್ರತಿವರ್ಷವೂ ಬರೆಯುತ್ತಲೂ ಇದ್ದಾರೆ. ನಮಗೆ ತಿಳಿದ ಚರಿತ್ರೆ ಬೇರೆ ಜಾತಿಯದು. ಮುಂಬಯಿಗೆ ಬಂದ ಹೊಸದರಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಪುಸ್ತಕ ಹಿಡಿದ ಹುಡುಗರಿಗೆ ಕುಮಾರವ್ಯಾಸನ ರುಚಿ ಬಹಳ ತಡವಾಗಿ ಹತ್ತಿತು. ಅದಕ್ಕೂ ಮೊದಲು ಹತ್ತಿದ್ದು ಪತ್ತೇದಾರಿ ಕಾದಂಬರಿಗಳ ಹುಚ್ಚು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು ನೂರಾರು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನನ್ನು ನಾವು ಹಂಚಿನ ಮಾಡಿನ ಕೆಳಗೆ, ಹದಿನೈದು ಕ್ಯಾಂಡಲಿನ ದೀಪದಲ್ಲಿ, ಒಬ್ಬರ ಹೆಗಲ ಮೇಲಿನಿಂದ ಇನ್ನೊಬ್ಬರು ಇಣುಕಿ ಓದಿದವರು. ಹಾಳೆ ತಿರುವುವ ಅಧಿಕಾರ ಅಡುಗೆಭಟ್ಟರದು. ಅವರ ಓದು ನಿಧಾನ. ಆ ಸಂಕಟವನ್ನು ಇಲ್ಲಿ ವಿಸ್ತರಿಸುವುದು ಬೇಡ.

ಆ ಕಾಲದ ಪುಸ್ತಕಗಳಲ್ಲಿಯೂ ಸಿನಿಮಾಗಳಲ್ಲಿಯೂ ಕಳ್ಳಸಾಗಣೆಯ ಅಫೀಮಿನ ಪ್ರಸಂಗ ಬಂದಾಗಲೆಲ್ಲ ಒಂದು ವಿಚಿತ್ರವನ್ನು ಕಾಣುತ್ತಿದ್ದೆವು. ಕೇಡಿಗನು ಯಾವಾಗಲೂ ಪರವೂರಿನವನು. ಅವನ ಭಾಷೆ ಯಾರಿಗೂ ತಿಳಿಯದು. ಅವನ ಮನೆ ಬಂದರದ ಹತ್ತಿರದ ಕತ್ತಲೆಯ ಗಲ್ಲಿಯಲ್ಲಿ. ಇದನ್ನು ಓದಿ ನಾವೂ ಚಪ್ಪಾಳೆ ಹೊಡೆದವರೇ. ಆದರೆ ಒಂದು ವರ್ಷ ನಾವಿದ್ದ ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ ಹಣ ಕಾಣೆಯಾಯಿತು. ಊರಿನಿಂದ ಬಂದು ತಿಂಗಳಾಗದ ಹುಡುಗನನ್ನು ಮೊದಲು ಕೂರಿಸಿದರು. ‘ಯಾವ ಊರು?’ ಎಂಬುದೇ ಮೊದಲ ಪ್ರಶ್ನೆ, ‘ಎಲ್ಲಿದ್ದೆ?’ ಎಂಬುದು ಆಮೇಲಿನದು. ಹುಡುಗನಿಗೆ ತುಳುವಲ್ಲದೆ ಬೇರೆ ಮಾತು ಬಾರದು. ಮೂರನೆಯ ದಿನ ಹಣವು ಪೆಟ್ಟಿಗೆಯ ಹಿಂದಿನ ಸಂದಿಯಲ್ಲಿಯೇ ಸಿಕ್ಕಿತು. ಯಾರೂ ಕದ್ದಿರಲಿಲ್ಲ. ಹುಡುಗ ಮಾತ್ರ ಆ ವಾರವೇ ಊರಿಗೆ ಹೊರಟುಹೋದ. ಅಂದಿನಿಂದ ಪತ್ತೇದಾರಿ ಕಾದಂಬರಿಗಳನ್ನು ನಾವು ಓದುವ ರೀತಿಯೇ ಬೇರೆಯಾಯಿತು. ಇಂಥ ಕಥೆಗಳಲ್ಲಿ ಅಫೀಮು ಮೊದಲು ಯಾವಾಗ ಬಂತು, ಪೋಲೀಸ್ ಪತ್ತೇದಾರನು ಅದರ ಬೆನ್ನು ಹತ್ತಿದ್ದು ಹೇಗೆ, ಕತ್ತಲೆಯ ಗಲ್ಲಿಯ ಪರದೇಶಿಯು ಅದರೊಳಗೆ ಸೇರಿಕೊಂಡದ್ದು ಎಂದು—ಇವನ್ನು ಬಿಡುವಾದಾಗಲೆಲ್ಲ ಹುಡುಕುತ್ತ ಬಂದೆವು. ಹುಡುಕಿದಾಗ ಮೊದಲು ಸಿಕ್ಕಿದ್ದು ನಮ್ಮ ಶ್ರೀರಂಗಪಟ್ಟಣವೇ ಎಂಬುದನ್ನು ಹೇಳಿದರೆ ವಾಚಕರು ನಂಬಲಾರರು.

ವಿಲ್ಕಿ ಕಾಲಿನ್ಸ್ ಎಂಬ ಆಂಗ್ಲ ಕಾದಂಬರಿಕಾರನ ‘ದಿ ಮೂನ್‌ಸ್ಟೋನ್’ ಎಂಬ ಕೃತಿ 1868ರ ಜನವರಿಯಿಂದ ಆಗಸ್ಟಿನವರೆಗೆ ಡಿಕನ್ಸನ ವಾರಪತ್ರಿಕೆಯಲ್ಲಿ ಕ್ರಮಶಃ ಪ್ರಕಟವಾಯಿತು. ಇಂಗ್ಲಿಷಿನ ದೊಡ್ಡ ಪತ್ತೇದಾರಿ ಕಾದಂಬರಿಗಳ ಸಾಲಿನಲ್ಲಿ ಅದಕ್ಕೆ ಹಿರಿಯ ಪೀಠ. ಅದರ ಆರಂಭವು 1799ರ ಮೇ 4ರಂದು, ಟಿಪ್ಪುಸುಲ್ತಾನನು ಮಡಿದ ದಿನ, ಶ್ರೀರಂಗಪಟ್ಟಣದ ಕೋಟೆಯೊಳಗೆ. ಲೂಟಿಯ ಗದ್ದಲದಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿಯು ಕಾವಲಿನವರನ್ನು ಕೊಂದು ಹಳದಿ ವಜ್ರವೊಂದನ್ನು ಅಪಹರಿಸುತ್ತಾನೆ. ವಜ್ರವು ಕಲ್ಪಿತ, ಲೂಟಿ ಕಲ್ಪಿತವಲ್ಲ. ಐವತ್ತು ವರ್ಷದ ಮೇಲೆ ಆ ವಜ್ರ ಇಂಗ್ಲೆಂಡಿನ ಒಂದು ಹಳ್ಳಿಮನೆಯ ಕನ್ಯೆಗೆ ಹುಟ್ಟುಹಬ್ಬದ ಕಾಣಿಕೆಯಾಗಿ ಬರುತ್ತದೆ. ಅದೇ ರಾತ್ರಿ ಮಾಯವಾಗುತ್ತದೆ.

ಮುಂದಿನದನ್ನು ಹೇಳಿದರೆ ಕಥೆಯ ಗುಟ್ಟು ಒಡೆಯುತ್ತದೆ. ಓದದವರು ಕ್ಷಮಿಸಬೇಕು, ಹೇಳದೆ ಗತ್ಯಂತರವಿಲ್ಲ. ಊರಿನಲ್ಲಿ ಜಾದೂ ತೋರಿಸುತ್ತಿದ್ದ ಮೂವರು ಹಿಂದೂಗಳನ್ನು ಮೊದಲು ಸೆರೆಮನೆಗೆ ತಳ್ಳುತ್ತಾರೆ. ಆ ರಾತ್ರಿ ಅವರು ಆ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಆಮೇಲೆ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿನಿಂದ ಸಾರ್ಜೆಂಟ್ ಕಫ್ ಬರುತ್ತಾನೆ: ಒಣಕಲು ಮೈ, ಮಾತು ಕಡಿಮೆ, ಗುಲಾಬಿ ತೋಟದ ಹುಚ್ಚು. ಅಂದಿಗೆ ಲಂಡನ್ನಿನ ಪತ್ತೇದಾರರ ಪಡೆ ಹುಟ್ಟಿ ಎರಡೂವರೆ ದಶಕವಾಗಿತ್ತಷ್ಟೆ. 1842ರಲ್ಲಿ ಎಂಟೇ ಮಂದಿಯಿಂದ ಅದು ಆರಂಭವಾಯಿತು. ಕಫ್‌ನ ಚಹರೆಯಲ್ಲಿ ಜೊನಾಥನ್ ವಿಚರ್ ಎಂಬ ನಿಜವಾದ ಇನ್ಸ್‌ಪೆಕ್ಟರನ ಛಾಯೆಯಿದೆ. ಆ ವಿಚರನು 1860ರ ಒಂದು ಕೊಲೆಯಲ್ಲಿ ಹೊರಗಿನವರನ್ನು ಬಿಟ್ಟು ಮನೆಯ ಮಗಳನ್ನೇ ಸಂಶಯಿಸಿದ್ದಕ್ಕೆ ದೇಶವೆಲ್ಲ ಅವನನ್ನು ಹಳಿಯಿತು. ಐದು ವರ್ಷದ ಮೇಲೆ ಆ ಮಗಳೇ ತಪ್ಪೊಪ್ಪಿಕೊಂಡಳು.

ಕಫ್‌ಗೂ ಮೊದಲ ಸಲ ಗುರಿ ತಪ್ಪುತ್ತದೆ. ವಜ್ರವನ್ನು ಪೆಟ್ಟಿಗೆಯಿಂದ ತೆಗೆದವನು ಕಥೆಯ ನಾಯಕನೇ. ಆದರೆ ಅವನಿಗೇ ಅದು ತಿಳಿಯದು. ಹಿಂದಿನ ಸಂಜೆ ಊಟದ ಹೊತ್ತಿನಲ್ಲಿ ಅವನು ವೈದ್ಯಶಾಸ್ತ್ರವನ್ನು ಹೀಯಾಳಿಸಿದನೆಂದು ಸಿಟ್ಟಾದ ವೈದ್ಯನು ಅವನ ಪಾನೀಯದಲ್ಲಿ ಗುಟ್ಟಾಗಿ ಲಾಡನಮ್ಮನ್ನು, ಎಂದರೆ ಮದ್ಯದಲ್ಲಿ ಕರಗಿಸಿದ ಅಫೀಮನ್ನು, ಬೆರೆಸಿಸಿರುತ್ತಾನೆ. ಆ ಮಂಪರಿನಲ್ಲಿ ನಾಯಕನು ವಜ್ರವನ್ನು ಜೋಪಾನ ಮಾಡಲೆಂದು ತೆಗೆದು ಬಂಧುವೊಬ್ಬನ ಕೈಗೆ ಕೊಡುತ್ತಾನೆ. ಆ ಬಂಧು ಧರ್ಮಸಂಸ್ಥೆಗಳ ಸಭೆಗಳಲ್ಲಿ ಭಾಷಣ ಮಾಡುವ ಸಂಭಾವಿತ. ಅವನೇ ವಜ್ರವನ್ನು ನುಂಗುತ್ತಾನೆ. ಕೊನೆಗೆ ಅವನ ಹೆಣ ಸಿಕ್ಕಿದಾಗ ಅದು ಕಪ್ಪುಮೈಯ ನಾವಿಕನ ಹೆಣದಂತೆ ಕಾಣುತ್ತದೆ. ಕಫ್ ಮುಖವನ್ನು ತೊಳೆಯುತ್ತಾನೆ. ಬಣ್ಣ ಹೋಗಿ ಬಿಳಿಯ ಚರ್ಮ ಹೊರಬೀಳುತ್ತದೆ. ಅವನನ್ನು ಕೊಂದು ವಜ್ರವನ್ನು ಕಾಠಿಯಾವಾಡಕ್ಕೆ ಮರಳಿ ಒಯ್ದವರು ಆ ಮೂವರು ಹಿಂದೂಗಳೇ. ಅವರು ನಿರಪರಾಧಿಗಳೆಂದು ಕಾಲಿನ್ಸನೂ ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ಆದರೆ ಅವರು ಸೆರೆಗೆ ಹೋದದ್ದು ಅವರು ಮಾಡದ ಕಳವಿಗಾಗಿ.

ಈ ಕಥೆಯಲ್ಲಿ ಅಫೀಮಿನ ವಿಷಯವಾಗಿ ಯಾರ ಮೇಲೂ ಮೊಕದ್ದಮೆಯಿಲ್ಲ. ಇರುವುದಾದರೂ ಹೇಗೆ? ಆಗ ಇಂಗ್ಲೆಂಡಿನಲ್ಲಿ ಅಫೀಮು ಕಿರಾಣಿ ಅಂಗಡಿಯ ಸರಕು. ಅಳುವ ಮಗುವಿಗೂ, ಹಲ್ಲುನೋವಿನ ಮುದುಕನಿಗೂ ಅದೇ ಮದ್ದು. ಮಾರುವ ಹಕ್ಕು ಔಷಧಿ ವ್ಯಾಪಾರಿಗಳಿಗೆ ಮಾತ್ರ, ಸೀಸೆಯ ಮೇಲೆ ‘ವಿಷ’ ಎಂಬ ಚೀಟಿ ಇರತಕ್ಕದ್ದು ಎಂಬ ಕಾಯಿದೆ ಬಂದದ್ದು 1868ರಲ್ಲಿ, ಈ ಕಾದಂಬರಿಯ ಕಡೆಯ ಕಂತುಗಳು ಅಚ್ಚಾಗುತ್ತಿದ್ದ ದಿನಗಳಲ್ಲಿ. ಕಾಲಿನ್ಸನೇ ಸಂಧಿವಾತದ ನೋವಿಗೆ ಲಾಡನಮ್ಮಿಗೆ ದಾಸನಾಗಿದ್ದ. ಕಾದಂಬರಿಯ ಮುಕ್ತಾಯವನ್ನು ತಾನು ಬರೆದದ್ದೇ ನೆನಪಿಲ್ಲವೆಂದು ಅವನು ಹೇಳಿಕೊಂಡದ್ದುಂಟು. ಅಫೀಮಿನ ಅಪರಾಧವನ್ನು ಭೇದಿಸುವ ಮೊದಲ ಮಹಾ ಕಾದಂಬರಿಯನ್ನು ಬರೆದವನು ಅಫೀಮಿನ ರೋಗಿ!

ಈ ಅಫೀಮು ಎಲ್ಲಿಂದ ಬರುತ್ತಿತ್ತು? ಇಂಗ್ಲೆಂಡಿನ ಔಷಧಿ ಅಂಗಡಿಗೆ ಹೆಚ್ಚಾಗಿ ತುರ್ಕಿಯಿಂದ. ಚೀನಕ್ಕೆ ನಮ್ಮ ದೇಶದಿಂದ. ಗಂಗೆಯ ಬಯಲಿನ ಬೆಳೆ ಸರ್ಕಾರದ ಏಕಸ್ವಾಮ್ಯ. ಗಾಜೀಪುರ, ಪಾಟ್ನಾಗಳ ಕಾರ್ಖಾನೆಗಳಲ್ಲಿ ಉಂಡೆ ಕಟ್ಟಿ, ಪೆಟ್ಟಿಗೆಗೆ ತುಂಬಿ, ಕಲ್ಕತ್ತೆಯಲ್ಲಿ ಬಹಿರಂಗ ಹರಾಜು. ಮಾಳವದ ಅಫೀಮು ದೇಶೀ ಸಂಸ್ಥಾನಗಳದು. ಅದು ಸರ್ಕಾರಕ್ಕೆ ಸುಂಕ ತೆತ್ತು ನಮ್ಮ ಈ ಮುಂಬಯಿಯ ಬಂದರಿನಿಂದ ಹಡಗು ಹತ್ತುತ್ತಿತ್ತು. ಕರಾಚಿಯ ಕಡೆಯಿಂದ ನುಸುಳುತ್ತಿದ್ದ ಮಾಲಿಗೆ 1843ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ಮೇಲೆ ಆ ದಾರಿ ಮುಚ್ಚಿ, ಎಲ್ಲವೂ ಇತ್ತ ಹರಿಯಿತು. ನಾವು ದಿನವೂ ಹೆಸರು ಹೇಳುವ ಜೆ.ಜೆ. ಆಸ್ಪತ್ರೆ, ಜೆ.ಜೆ. ಕಲಾಶಾಲೆಗಳ ದಾನಿ ಸರ್ ಜಮ್‌ಶೇಟ್‌ಜಿ ಜೀಜೀಭಾಯಿಯವರ ಸಂಪತ್ತಿನಲ್ಲಿಯೂ ಚೀನದ ಅಫೀಮು, ಹತ್ತಿಗಳ ವ್ಯಾಪಾರದ ಪಾಲು ದೊಡ್ಡದು. ಆ ಕಾಲಕ್ಕೆ ಅದು ಮರ್ಯಾದಸ್ಥ ವ್ಯಾಪಾರ. ಅಫೀಮಿನ ಹುಟ್ಟುವಳಿಯು ಭೂಕಂದಾಯ, ಉಪ್ಪಿನ ತೆರಿಗೆಗಳ ಸಾಲಿನಲ್ಲಿ ನಿಲ್ಲುವಷ್ಟು ದೊಡ್ಡದಾಗಿತ್ತು. ಬೇಡವೆಂದ ಚೀನದ ಮೇಲೆ 1839ರಲ್ಲೊಮ್ಮೆ, 1856ರಲ್ಲೊಮ್ಮೆ ಯುದ್ಧವೇ ನಡೆಯಿತು. ಪತ್ತೇದಾರನು ಹಿಡಿಯಬೇಕಾಗಿದ್ದ ದೊಡ್ಡ ಅಫೀಮು ವ್ಯಾಪಾರಿ ಸಾಕ್ಷಾತ್ ಸರ್ಕಾರವೇ ಆಗಿದ್ದ ಕಾಲವದು.

ಡಿಕನ್ಸನು 1870ರಲ್ಲಿ ಸಾಯುವಾಗ ಅರ್ಧಕ್ಕೇ ಬಿಟ್ಟ ‘ಎಡ್ವಿನ್ ಡ್ರೂಡ್’ ಕಾದಂಬರಿಯು ಲಂಡನ್ನಿನ ಅಫೀಮು ಸೇದುವ ಕೊಠಡಿಯಲ್ಲಿ ಆರಂಭವಾಗುತ್ತದೆ. ಅದನ್ನು ನಡೆಸುವವಳು ಒಬ್ಬ ಇಂಗ್ಲಿಷ್ ಮುದುಕಿ. ಮಂಪರಿನಲ್ಲಿ ಬಿದ್ದಿರುವವನು ಚರ್ಚಿನ ಗಾಯಕವೃಂದದ ಮುಖ್ಯಸ್ಥ. ಷೆರ್ಲಾಕ್ ಹೋಮ್ಸನಂತೂ 1890ರ ‘ದಿ ಸೈನ್ ಆಫ್ ಫೋರ್’ನ ಮೊದಲ ಪುಟದಲ್ಲಿ ತಾನೇ ತೋಳಿಗೆ ಕೊಕೇನು ಚುಚ್ಚಿಕೊಳ್ಳುತ್ತಾನೆ. ಡಾಕ್ಟರ್ ವಾಟ್ಸನ್ ಬೈಯುತ್ತಾನೆಯೇ ಹೊರತು ಪೋಲೀಸರು ಏನೂ ಮಾಡುವಂತಿರಲಿಲ್ಲ. ಮರುವರ್ಷದ ಒಂದು ಕಥೆಯಲ್ಲಿ ಹೋಮ್ಸ್ ಥೇಮ್ಸ್ ದಂಡೆಯ ಅಫೀಮು ಕೊಠಡಿಯೊಳಗೆ ಮುದುಕನ ವೇಷದಲ್ಲಿ ಕೂರುತ್ತಾನೆ. ಅವನು ಹುಡುಕುವುದು ಕಾಣೆಯಾದ ಮನುಷ್ಯನನ್ನು, ಅಫೀಮನ್ನಲ್ಲ. ಆದರೂ ಒಂದು ಬದಲಾವಣೆಯನ್ನು ಗಮನಿಸಬೇಕು. ಡಿಕನ್ಸನ ಮುದುಕಿಯ ಜಾಗದಲ್ಲಿ ಇಲ್ಲಿ ಒಬ್ಬ ಲಸ್ಕರ ಬಂದಿದ್ದಾನೆ, ಎಂದರೆ ನಮ್ಮ ಕಡೆಯ ಹಡಗಿನ ಕೂಲಿ.

1907ರ ಒಪ್ಪಂದದಂತೆ ಭಾರತದ ಅಫೀಮನ್ನು ಚೀನಕ್ಕೆ ಕಳುಹಿಸುವುದು ವರ್ಷವರ್ಷಕ್ಕೆ ಇಳಿಯುತ್ತ ಬಂದು 1913ರಲ್ಲಿ ಆ ಮಾರಾಟ ನಿಂತಿತು. ಅದೇ 1913ರಲ್ಲಿ ಲಂಡನ್ನಿನಲ್ಲಿ ಸ್ಯಾಕ್ಸ್ ರೋಮರ್ ಎಂಬ ಲೇಖಕನ ಡಾಕ್ಟರ್ ಫೂ ಮಾಂಚು ಪುಸ್ತಕರೂಪದಲ್ಲಿ ಅವತರಿಸಿದ: ಲೋಕವನ್ನೇ ಹಾಳುಮಾಡಲು ಹೊರಟ ಚೀನೀ ರಾಕ್ಷಸ. ಅವನನ್ನು ಅಟ್ಟುವ ನಾಯಕ ಬರ್ಮಾದ ಪೋಲೀಸ್ ಕಮಿಷನರು. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ. ನೂರು ವರ್ಷ ಚೀನಕ್ಕೆ ವಿಷ ಮಾರಿದವರ ಮಕ್ಕಳು, ಮಾರಾಟ ನಿಂತ ವರ್ಷವೇ, ಚೀನದವನು ನಮಗೆ ವಿಷವಿಕ್ಕಲು ಬಂದ ಎಂಬ ಕಥೆಯನ್ನು ಕೊಂಡು ಓದಿದರು. ಸಾಹಿತ್ಯದಲ್ಲಿ ಇಂಥ ತಲೆಕೆಳಗು ಬಹಳ ಅಪರೂಪವೇನೂ ಅಲ್ಲ; ಆದರೆ ಇಷ್ಟು ಬೇಗ ಆದದ್ದು ಅಪರೂಪ.

ಮೊದಲನೆಯ ಮಹಾಯುದ್ಧ ಬಂತು. ಸೈನಿಕರಿಗೆ ಕೊಕೇನು ಮಾರುತ್ತಿದ್ದಾರೆಂದು ಗುಲ್ಲೆದ್ದು, 1916ರ ಜುಲೈನಲ್ಲಿ ದೇಶರಕ್ಷಣಾ ಕಾಯಿದೆಯ 40ಬಿ ನಿಯಮದಂತೆ ಕೊಕೇನು, ಅಫೀಮುಗಳನ್ನು ಅಪ್ಪಣೆಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧವಾಯಿತು. ಮಾದಕ ದ್ರವ್ಯದ ಪತ್ತೇದಾರನ ಜನ್ಮವಾದದ್ದು ಆಗಲೇ ಎನ್ನಬೇಕು. ಕಾಯಿದೆಯಿಲ್ಲದೆ ಅಪರಾಧವಿಲ್ಲ, ಅಪರಾಧವಿಲ್ಲದೆ ಪತ್ತೇದಾರನಿಗೆ ಕೆಲಸವೆಲ್ಲಿ?

1918ರ ನವೆಂಬರ್ 27ರ ರಾತ್ರಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ವಿಜಯದ ನೃತ್ಯೋತ್ಸವ. ಯುದ್ಧ ಮುಗಿದು ಎರಡು ವಾರವಾಗಿತ್ತಷ್ಟೆ. ಅಲ್ಲಿ ಕುಣಿದು ಮನೆಗೆ ಹೋದ ಬಿಲ್ಲಿ ಕಾರ್ಲ್‌ಟನ್ ಎಂಬ 22 ವರ್ಷದ ನಟಿ ಮರುದಿನ ಹಾಸಿಗೆಯಲ್ಲಿ ಹೆಣವಾಗಿ ಸಿಕ್ಕಿದಳು. ಪಕ್ಕದಲ್ಲಿ ಕೊಕೇನಿನ ಚಿನ್ನದ ಡಬ್ಬಿ. ಪತ್ರಿಕೆಗಳು ತಿಂಗಳುಗಟ್ಟಲೆ ಈ ಸುದ್ದಿಯನ್ನು ಜಗಿದವು. ವಿಚಾರಣೆಯಲ್ಲಿ ಎಳೆಗಳು ಲೈಮ್‌ಹೌಸ್ ಎಂಬ ಬಂದರುಪೇಟೆಗೆ ತಲುಪಿದವು. ಚೀನೀಯರ ಕೇರಿ ಎಂದು ಲಂಡನ್ನೆಲ್ಲ ನಡುಗುತ್ತಿದ್ದ ಆ ಪೇಟೆಯಲ್ಲಿ ನಿಜವಾಗಿ ಇದ್ದ ಚೀನೀಯರು ಕೆಲವೇ ನೂರು ಮಂದಿ: ಹಡಗಿನಿಂದ ಇಳಿದವರು, ಬಟ್ಟೆ ಒಗೆಯುವವರು, ಊಟದ ಅಂಗಡಿ ಇಟ್ಟವರು. ನಾವು ಯಾವ ಯಾವ ಕಸಬು ಹಿಡಿದು ಪರವೂರಿನಲ್ಲಿ ನಿಂತೆವೋ ಹೆಚ್ಚುಕಡಿಮೆ ಅವೇ ಕಸಬುಗಳು.

ಶಿಕ್ಷೆ ಯಾರಿಗೆ ಎಷ್ಟಾಯಿತು ನೋಡಿ. ನಟಿಗೆ ಕೊಕೇನು ಒದಗಿಸಿದ ರೆಜಿ ಡಿ ವೂಲ್ ಎಂಬ ಉಡುಪು ವಿನ್ಯಾಸಕಾರನಿಗೆ ನರಹತ್ಯೆಯ ಆರೋಪದಿಂದ ಬಿಡುಗಡೆಯಾಗಿ, ಒಳಸಂಚಿಗಾಗಿ ಎಂಟು ತಿಂಗಳ ಸೆರೆ. ಅಫೀಮು ಸಿದ್ಧಪಡಿಸಿಕೊಟ್ಟ ಏಡಾ ಎಂಬ ಸ್ಕಾಟಿಷ್ ಹೆಂಗಸಿಗೆ ಐದು ತಿಂಗಳ ಕಠಿಣ ಸಜೆ. ಅವಳ ಗಂಡ ಲಾವ್ ಪಿಂಗ್ ಯೂ ಚೀನದವನು. ಅವನಿಗೆ ಹತ್ತು ಪೌಂಡು ದಂಡ. ನ್ಯಾಯಾಲಯದ ತಕ್ಕಡಿಯಲ್ಲಿ ಚೀನದವನ ಪಾಲು ಇಷ್ಟೇ ತೂಗಿತು.

ಆದರೆ ಕಾದಂಬರಿಯ ತಕ್ಕಡಿ ಬೇರೆ. 1919ರಲ್ಲಿ ಅದೇ ರೋಮರನು ಈ ಪ್ರಕರಣವನ್ನೇ ಆಧರಿಸಿ ‘ಡೋಪ್’ ಬರೆದ. ನಾಯಕ ಸ್ಕಾಟ್ಲೆಂಡ್ ಯಾರ್ಡಿನ ಚೀಫ್ ಇನ್ಸ್‌ಪೆಕ್ಟರ್ ರೆಡ್ ಕೆರಿ: ಕೆಂಪು ಕೂದಲು, ಒರಟು ಮಾತು, ಬಗ್ಗದ ಬೆನ್ನು. ಇಂದಿಗೂ ಸಿನಿಮಾಗಳಲ್ಲಿ ಓಡಾಡುವ ಮಾದಕ ದ್ರವ್ಯದ ಇನ್ಸ್‌ಪೆಕ್ಟರರ ಮೂಲಪುರುಷರಲ್ಲಿ ಒಬ್ಬನೆಂದು ಇವನನ್ನು ಹೇಳಬಹುದು. ಅವನಿಗೆ ಎದುರಾಳಿ ಲೈಮ್‌ಹೌಸಿನ ಒಕ್ಕಣ್ಣಿನ ಚೀನದವನು, ಜೊತೆಗೊಂದು ಕಾಡುಕಾಗೆ. ಉಡುಪು ವಿನ್ಯಾಸಕಾರ ಎಲ್ಲಿ ಹೋದ, ಹತ್ತು ಪೌಂಡಿನ ದಂಡ ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ಪುಸ್ತಕದ ಓಟ ಮಾತ್ರ ಬಿಡದೆ ಓದಿಸಿಕೊಳ್ಳುವಂಥದು ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ಮರುವರ್ಷವೇ, 1920ರಲ್ಲಿ, ಇಂಗ್ಲೆಂಡಿಗೆ ಅಪಾಯಕಾರಿ ಮದ್ದುಗಳ ಕಾಯಿದೆ ಬಂತು. ಈ ಹುಚ್ಚು ಎಷ್ಟು ಬೆಳೆಯಿತೆಂದರೆ 1929ರಲ್ಲಿ ರೋನಾಲ್ಡ್ ನಾಕ್ಸ್ ಎಂಬ ಪಾದ್ರಿ-ಲೇಖಕರು ಪತ್ತೇದಾರಿ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ವಿನೋದವಾಗಿ ವಿಧಿಸುವಾಗ, ಕಥೆಯಲ್ಲಿ ಚೀನದವನು ಬರಕೂಡದು ಎಂಬುದನ್ನೂ ಒಂದು ಕಟ್ಟಳೆಯಾಗಿ ಸೇರಿಸಬೇಕಾಯಿತು.

ಅದೇ ಬಿಲ್ಲಿ ಕಾರ್ಲ್‌ಟನ್ ಪ್ರಕರಣದ ಛಾಯೆಯಲ್ಲಿ ಇನ್ನೊಬ್ಬಳು ಲೇಖಕಿ ಬೇರೆ ಕಥೆ ಬರೆದಳು. ಅಗಾಥಾ ಕ್ರಿಸ್ಟಿಯ ಪೊಯ್‌ರೋ ಸಣ್ಣಕಥೆಗಳಲ್ಲಿ ಪತ್ರಿಕೆಯಲ್ಲಿ ಮೊದಲು ಬಂದದ್ದು 1923ರ ‘ವಿಜಯ ನೃತ್ಯದ ಪ್ರಕರಣ’. ಅಲ್ಲಿಯೂ ನೃತ್ಯೋತ್ಸವವಿದೆ, ಕೊಕೇನಿನಿಂದ ಸತ್ತ ನಟಿಯಿದ್ದಾಳೆ, ಇನ್ಸ್‌ಪೆಕ್ಟರ್ ಜ್ಯಾಪ್ ಇದ್ದಾನೆ. ಅಪರಾಧಿ ಮಾತ್ರ ಅದೇ ಗೆಳೆಯರ ಗುಂಪಿನ ಇಂಗ್ಲಿಷ್ ನಟ. ಹಿಡಿದುಕೊಟ್ಟವನು ಬೆಲ್ಜಿಯಮ್ಮಿನಿಂದ ನಿರಾಶ್ರಿತನಾಗಿ ಬಂದ ಪರದೇಶಿ. 1933ರಲ್ಲಿ ಡೊರೊತಿ ಸೇಯರ್ಸ್ ಬರೆದ ‘ಮರ್ಡರ್ ಮಸ್ಟ್ ಅಡ್ವರ್ಟೈಸ್’ ಇನ್ನೂ ಸೊಗಸು. ಕೊಕೇನಿನ ಜಾಲವು ಸಾಗುವುದು ಒಂದು ಮರ್ಯಾದಸ್ಥ ಜಾಹೀರಾತು ಕಂಪನಿಯ ಮೂಲಕ. ಪ್ರತಿ ವಾರ ಪತ್ರಿಕೆಯಲ್ಲಿ ಬರುವ ಟಾನಿಕ್ ಜಾಹೀರಾತಿನ ತಲೆಬರಹದ ಮೊದಲಕ್ಷರವೇ ಸಂಕೇತ. ಆ ವಾರ ಮಾಲು ಹಂಚುವ ಮದ್ಯದಂಗಡಿಯ ಹೆಸರು ಆ ಅಕ್ಷರದಿಂದ ಆರಂಭವಾಗುತ್ತದೆ. ಸೇಯರ್ಸ್ ತಾನೇ ಹಲವು ವರ್ಷ ಜಾಹೀರಾತು ಕಚೇರಿಯಲ್ಲಿ ದುಡಿದವಳು. ಆ ಗುಮಾಸ್ತರ ಚಹಾ, ಜಗಳ, ಸಾಲ ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಪತ್ತೇದಾರರು ಗೆಲ್ಲುವುದು ಗಲ್ಲಿಯ ಕತ್ತಲೆಯಲ್ಲಲ್ಲ, ಪತ್ರಿಕೆಯ ಹಳೆಯ ಸಂಚಿಕೆಗಳ ನಡುವೆ.

ಅಮೆರಿಕದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇವೆ. ಎಡ್ ಮೆಕ್‌ಬೇನ್ ಎಂಬ ಹೆಸರಿನಲ್ಲಿ ಬರೆದವನು ಇಟಲಿಯಿಂದ ನ್ಯೂಯಾರ್ಕಿಗೆ ವಲಸೆ ಬಂದವರ ಮನೆತನದ ಸಾಲ್ವಟೋರ್ ಲೊಂಬಿನೊ. 1952ರಲ್ಲಿ ಹೆಸರನ್ನೇ ಬದಲಾಯಿಸಿಕೊಂಡು ಈವನ್ ಹಂಟರ್ ಆದವನು. ಅವನ 1956ರ ‘ದಿ ಪುಷರ್’ನಲ್ಲಿ ಮಾದಕ ದ್ರವ್ಯದ ದಲ್ಲಾಳಿಯ ಹೆಣದ ಪಕ್ಕದಲ್ಲಿ ಸಿಕ್ಕಿದ ಚುಚ್ಚುಮದ್ದಿನ ನಳಿಕೆಯ ಮೇಲೆ ಬೆರಳ ಗುರುತುಗಳಿರುತ್ತವೆ. ಅವು ತನಿಖೆ ನಡೆಸುವ ಪೋಲೀಸ್ ಠಾಣೆಯ ಪತ್ತೇದಾರರ ಮುಖ್ಯಸ್ಥನ ಸ್ವಂತ ಮಗನವು. ತಂದೆಯು ಕಾಯಿದೆಯನ್ನೂ ಮಗನನ್ನೂ ಎದುರಿಗಿಟ್ಟುಕೊಂಡು ತಳಮಳಿಸುವ ಆ ಪ್ರಕರಣಗಳನ್ನು ಓದಿದಾಗ, ಮಕ್ಕಳನ್ನು ಇಂಥ ಮಹಾನಗರಗಳಲ್ಲಿ ಬೆಳೆಸಿದ ನಮಗೆ ಎದೆ ಝಲ್ಲೆಂದಿತು. ಕತ್ತಲೆಯ ಗಲ್ಲಿ ಇಲ್ಲಿ ಮನೆಯ ಹಜಾರಕ್ಕೇ ಬಂದಿದೆ.

ಕೊನೆಯದು ಕಟ್ಟುಕಥೆಯಲ್ಲ. 1961ರ ಶರತ್ಕಾಲದಲ್ಲಿ ನ್ಯೂಯಾರ್ಕಿನ ಎಡ್ಡಿ ಈಗನ್, ಸನ್ನಿ ಗ್ರಾಸೊ ಎಂಬ ಇಬ್ಬರು ಪತ್ತೇದಾರರು ಒಂದು ರಾತ್ರಿ ವಿನೋದಗೃಹದಲ್ಲಿ ಕೂತಿದ್ದಾಗ ದುಂದುಗಾರನೊಬ್ಬನನ್ನು ಕಂಡು ಸುಮ್ಮನೆ ಬೆನ್ನು ಹತ್ತಿದರು. ಆ ಎಳೆ ತುರ್ಕಿಯ ಅಫೀಮನ್ನು ಹೆರಾಯಿನ್ ಮಾಡುತ್ತಿದ್ದ ಫ್ರಾನ್ಸಿನ ಮಾರ್ಸೇಲ್ಸ್ ನಗರದವರೆಗೆ ಹೋಯಿತು. 1962ರ ಆರಂಭದಲ್ಲಿ ರಾಶಿ ರಾಶಿ ಹೆರಾಯಿನ್ ಸಿಕ್ಕಿತು. ಫ್ರೆಂಚ್ ಟೆಲಿವಿಷನ್ನಿನ ಒಬ್ಬ ಪ್ರಸಿದ್ಧ ನಿರೂಪಕನು ಹಡಗಿನಲ್ಲಿ ತಂದ ಕಾರೇ ಅದರ ವಾಹನ. ಇದನ್ನು ರಾಬಿನ್ ಮೂರ್ 1969ರಲ್ಲಿ ಪುಸ್ತಕ ಮಾಡಿದ. 1971ರಲ್ಲಿ ‘ದಿ ಫ್ರೆಂಚ್ ಕನೆಕ್ಷನ್’ ಸಿನಿಮಾ ಬಂದು, 1972ರ ಏಪ್ರಿಲ್‌ನಲ್ಲಿ ಅದಕ್ಕೆ ಐದು ಆಸ್ಕರ್ ಬಹುಮಾನಗಳು. ಅದೇ 1972ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಪೋಲೀಸರ ಉಗ್ರಾಣ ತೆರೆದು ನೋಡಿದರೆ, ಸಾಕ್ಷ್ಯವಾಗಿ ಇಟ್ಟಿದ್ದ ಹೆರಾಯಿನ್ ಮಾಯ. ಪೊಟ್ಟಣಗಳಲ್ಲಿ ಇದ್ದದ್ದು ಬೇರೆ ಬಿಳಿಯ ಪುಡಿ. ಪುಡಿಗೆ ಹುಳು ಬಿದ್ದದ್ದರಿಂದ ಗುಟ್ಟು ಹೊರಬಿತ್ತೆಂದು ಹೇಳುತ್ತಾರೆ; ಹೆರಾಯಿನ್ನಿಗೆ ಹುಳು ಬೀಳುವುದಿಲ್ಲ, ಹಿಟ್ಟಿಗೆ ಬೀಳುತ್ತದೆ. ಅಡುಗೆಮನೆಯಲ್ಲಿ ಮೈದಾ ಡಬ್ಬಿ ತೆರೆದು ಬಲ್ಲ ನಮ್ಮ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ 1985ರಲ್ಲಿ ಮಾದಕ ದ್ರವ್ಯಗಳ ಕಠಿಣ ಕಾಯಿದೆ ಬಂತು. ಮರುವರ್ಷ ಅದಕ್ಕೆಂದೇ ಕೇಂದ್ರ ಸರ್ಕಾರದ ಒಂದು ಪತ್ತೇದಾರಿ ಇಲಾಖೆಯೂ ಹುಟ್ಟಿತು. ಗಾಜೀಪುರದ ಸರ್ಕಾರಿ ಕಾರ್ಖಾನೆಯೇನೂ ಮುಚ್ಚಲಿಲ್ಲ. ನೋವು ನೀಗುವ ಔಷಧಿಗಳಿಗಾಗಿ ಪರವಾನಗಿ ಪಡೆದ ರೈತರು ಗಸಗಸೆ ಗಿಡ ಬೆಳೆದು ಅದರ ಹಾಲನ್ನು ಸರ್ಕಾರಕ್ಕೇ ಒಪ್ಪಿಸುತ್ತಾರೆ. ಗಸಗಸೆ ಪಾಯಸವನ್ನು ಈ ಹಬ್ಬದ ದಿನ ಉಣ್ಣುವವರು ಹೆದರಬೇಕಾಗಿಲ್ಲ. ಬೀಜದಲ್ಲಿ ಅಮಲಿಲ್ಲ, ಊಟದ ಮೇಲಿನ ನಿದ್ರೆ ನಮ್ಮದೇ.

‘ಮೂನ್‌ಸ್ಟೋನ್’ನ ಒಂದು ಹಳೆಯ ಪ್ರತಿ ನಮ್ಮ ಸಂಘದ ಪುಸ್ತಕಭಂಡಾರದಲ್ಲಿಯೂ ಉಂಟು, ಕಿಟಕಿಯ ಪಕ್ಕದ ಕಪಾಟಿನ ಕೆಳಗಿನ ಸಾಲಿನಲ್ಲಿ. ಆದರೆ ಯಾರೋ ಮಹನೀಯರು ಮೊದಲ ಎಂಟು ಹಾಳೆಗಳನ್ನು ಹರಿದಿಟ್ಟುಕೊಂಡಿದ್ದಾರೆ; ಹೋದದ್ದು ಸರಿಯಾಗಿ ಶ್ರೀರಂಗಪಟ್ಟಣದ ಭಾಗವೇ. ಪೂರ್ತಿ ಪ್ರತಿ ಯಾರ ಮನೆಯಲ್ಲಾದರೂ ಇದ್ದರೆ ಭಾನುವಾರ ಸಂಜೆ ಸಂಘದ ಕಚೇರಿಯಲ್ಲಿ ಕೊಟ್ಟರೆ ಉಪಕಾರವಾದೀತು. ಹಾಳೆಗಳನ್ನು ಇಟ್ಟುಕೊಂಡವರೂ ಕೊಡಬಹುದು. ಯಾವ ಊರಿನವರೆಂದು ಕೇಳುವುದಿಲ್ಲ.